ಕುಸುಮಾವತಿಯವರ ಮೌನದ ರಜೆ

ಉಳ್ಳೂರಿನಲ್ಲಿ ಮನೆ ಮಾಡಿದ್ದೇ ಕುಸುಮಾವತಿ ಮಾಡಿಕೊಂಡ ಎಡವಟ್ಟು. ತಿರುವನಂತಪುರದಲ್ಲಿ ಬೇರೆ ಜಾಗಗಳಿಗೇನೂ ಕೊರತೆಯಿರಲಿಲ್ಲ. ಆದರೆ ಉಳ್ಳೂರಿನಿಂದ ಗಂಡ ಕಮಲಾಕ್ಷನ ಬ್ಯಾಂಕು ಹತ್ತಿರ, ತಮ್ಮ ಕೇಂದ್ರ ಸರ್ಕಾರದ ಕಚೇರಿಗೆ ಒಂದೇ ಬಸ್ಸು, ಮಗಳು ಇಂಚರಾ ಶಾಲೆಗೆ ನಡೆದೇ ಹೋಗಬಹುದು ಎಂದೆಲ್ಲ ಯೋಚಿಸಿ ಮನೆ ಹಿಡಿದರು. ಯೋಚನೆಗೆ ಬಾರದೆ ಉಳಿದದ್ದು ಪಕ್ಕದ ದೊಡ್ಡ ಮೆಡಿಕಲ್ ಕಾಲೇಜು. ಅಲ್ಲಿಗೆ ಸುಳ್ಯ, ಪುತ್ತೂರಿನ ಕಡೆಯಿಂದ ರೈಲಿಳಿದು ಬರುವ ರೋಗಿಗಳಲ್ಲಿ ಮಲಯಾಳದ ಒಂದಕ್ಷರ ಬಾರದವರು ಎಷ್ಟೋ ಜನ. ಅವರು ಕಾರಿಡಾರಿನಲ್ಲಿ ಎಕ್ಸ್‌ರೇ ಹಿಡಿದುಕೊಂಡು, ಯಾರ ಬಾಯಲ್ಲಾದರೂ ಕನ್ನಡ ಬಂದೀತೇ ಎಂದು ಎದುರಿಗೆ ಬಂದವರ ಮುಖವನ್ನೆಲ್ಲ ನೋಡುತ್ತ ನಿಂತಿರುತ್ತಿದ್ದರು.

ಮೊದಲ ಸಲ ಕುಸುಮಾವತಿ ಅಲ್ಲಿಗೆ ಹೋದದ್ದು ಇಂಚರಾಳ ಜ್ವರಕ್ಕೆ ಔಷಧಿ ತರಲು. ಹಿಂದಿರುಗುವಾಗ ಸುಳ್ಯದ ಅಜ್ಜನೊಬ್ಬನಿಗೆ ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ ಬಂದರು. ಅಜ್ಜ ಮೊಬೈಲ್ ನಂಬರು ಕೇಳಿದ, ಇವರು ಕೊಟ್ಟರು. ಅಲ್ಲಿಗೆ ನೆಮ್ಮದಿ ಮುಗಿಯಿತು. ಮುಂದಿನ ಹಲವು ವರ್ಷ ಆ ನಂಬರು ಊರಿಂದೂರಿಗೆ, ವಾರ್ಡಿನಿಂದ ವಾರ್ಡಿಗೆ ದಾಟುತ್ತಲೇ ಹೋಯಿತು. ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಒಂದು ಸುತ್ತು, ಸಂಜೆ ಬಂದ ಮೇಲೆ ಒಂದು ಸುತ್ತು. ಕಚೇರಿಯಲ್ಲಿ ಅವರದು ಕಡತ ಪರಿಶೀಲಿಸುವ ಕೆಲಸ. ಅಲ್ಲಿ ಇಡೀ ದಿನ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸಂಬಳ ಬರುತ್ತಿದ್ದದ್ದು ಆ ಮೌನಕ್ಕೆ.

ಆಸ್ಪತ್ರೆಯಲ್ಲಿ ಅವರಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಡಾಕ್ಟರು ಗಡಿಬಿಡಿಯಲ್ಲಿ ಒಂದು ವಾಕ್ಯ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಆ ಒಂದು ವಾಕ್ಯವನ್ನು ಹಾಗೆಯೇ ಹೇಳಿದರೆ ಕೇಳಿದವರ ಎದೆ ಒಡೆಯುತ್ತದೆ ಅನಿಸಿದಾಗ ಕುಸುಮಾವತಿ ಅದಕ್ಕೆ ಹಿಂದೊಂದು ಮುಂದೊಂದು ಸೇರಿಸಿ, ಸುತ್ತುಬಳಸಿ, ಮೆತ್ತಗೆ ಮಾಡಿ ಮುಟ್ಟಿಸುತ್ತಿದ್ದರು. ಡಾಕ್ಟರಿಗೆ ಒಂದು ಉಸಿರಿನ ಕೆಲಸ, ಇವರಿಗೆ ಅರ್ಧ ಗಂಟೆಯದು. ಕಮಲಾಕ್ಷ ಕುಂಬಳೆಯವನು. ಹೆಂಡತಿಯ ಈ ಸೇವೆಯನ್ನು ಅವನು ತಡೆಯಲೂ ಇಲ್ಲ, ಹೊಗಳಲೂ ಇಲ್ಲ. ಅನ್ನ ಬಡಿಸಿಕೊಂಡು ಒಬ್ಬನೇ ಉಣ್ಣುವುದನ್ನು ರೂಢಿ ಮಾಡಿಕೊಂಡ.

ಕಮಲಾಕ್ಷನಿಗೆ ಕೊಚ್ಚಿಯ ಮಟ್ಟಾಂಚೇರಿ ಶಾಖೆಗೆ ವರ್ಗವಾಯಿತು. ಕುಸುಮಾವತಿಯೂ ಕೇಳಿಕೊಂಡು ಕೊಚ್ಚಿಗೆ ಬಂದರು. ಇನ್ನು ನೆಮ್ಮದಿ ಎಂದುಕೊಂಡರೆ ಫೋನು ಜೊತೆಯಲ್ಲೇ ಬಂದಿತ್ತು. ಈಗ ರೋಗಿಗಳು ಸ್ಪೀಕರ್ ಹಾಕಿ ಡಾಕ್ಟರ ಮೂಗಿನ ಬಳಿ ಮೊಬೈಲು ಹಿಡಿಯುತ್ತಿದ್ದರು. ವಾರ್ಡಿನ ಗದ್ದಲದ ನಡುವೆ ಕೇಳಿಸಲಿ ಎಂದು ಕುಸುಮಾವತಿ ಮಟ್ಟಾಂಚೇರಿಯ ಅಡುಗೆಮನೆಯಿಂದ ಕೂಗುತ್ತಿದ್ದರು. ಯಾರದೋ ಮೂತ್ರಕೋಶದ ಸಂಗತಿ ಗಲ್ಲಿಗೆಲ್ಲ ಕೇಳಿಸುತ್ತಿತ್ತು. ಭಾಷೆ ತಿಳಿಯದ ಕಾರಣ ಯಾರ ಮಾನವೂ ಹೋಗಲಿಲ್ಲ.

ಅವರ ಗಂಟಲು ಕೈಕೊಟ್ಟದ್ದು ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ. ಸಂಘದ ಕಾರ್ಯದರ್ಶಿ ಯಶವಂತ್ ಬೆಂಗಳೂರಿನವರು. ಸನ್ಮಾನ ಮಾಡುವುದರಲ್ಲಿ ಉತ್ಸಾಹಿ. ಕುಸುಮಾವತಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ‘ಧ್ವನಿಯಿಲ್ಲದವರ ಧ್ವನಿ’ ಎಂದು ಕೆತ್ತಿಸಿದ ಫಲಕ ಕೈಗಿಟ್ಟು, ಎರಡು ಮಾತಾಡಿ ಎಂದು ಮೈಕು ಮುಂದೆ ಹಿಡಿದರು. ಕುಸುಮಾವತಿ ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಭಾವುಕರಾಗಿದ್ದಾರೆ ಎಂದು ಸಭೆ ಚಪ್ಪಾಳೆ ತಟ್ಟಿತು.

ಕಿವಿ, ಮೂಗು, ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಗಂಟುಗಳು ಬಂದಿವೆ ಎಂದರು. ನೀವು ಟೀಚರಾ ಎಂದು ಕೇಳಿದರು, ಅಲ್ಲ. ಹಾಡುತ್ತೀರಾ, ಅದೂ ಇಲ್ಲ. ಮತ್ತೆ ಏನು ಕೆಲಸ ಎಂದಾಗ ಕೇಂದ್ರ ಸರ್ಕಾರ ಎಂದು ಪಿಸುಗುಟ್ಟಿದರು. ಆ ಕಚೇರಿಯಲ್ಲಿ ಇಷ್ಟು ದುಡಿಯುವವರೂ ಇದ್ದಾರೆಯೇ ಎಂಬಂತೆ ಡಾಕ್ಟರು ನೋಡಿದರು. ಔಷಧಿಗಿಂತ ಮುಖ್ಯ ಮೌನ, ಮಾತು ಪೂರ್ತಿ ನಿಲ್ಲಿಸಿ, ಇಲ್ಲದಿದ್ದರೆ ಆಪರೇಷನ್ ಎಂದು ಕಟ್ಟುನಿಟ್ಟಾಗಿ ಹೇಳಿದರು.

ಮನೆಯಲ್ಲಿ ಮೌನ ನಡೆಯುವಂತಿರಲಿಲ್ಲ. ಫೋನು ಬಂದರೆ ಕೈ ತಾನಾಗಿ ಹೋಗುತ್ತಿತ್ತು. ಇಂಚರಾ ಆಗ ಎರ್ನಾಕುಲಂನಲ್ಲಿ ಕಾನೂನು ಓದುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ತಾಯಿ ತುಟಿ ಅಲುಗಿಸಿದರೂ ಸಾಕು, “ಅಮ್ಮಾ, ಮಿಂಡಂಡ” ಎಂದು ಬೆರಳು ತೋರಿಸಿ ಬಾಯಿ ಮುಚ್ಚಿಸುತ್ತಿದ್ದಳು. ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಅಮ್ಮನ ಭಾಷೆ ಯಾರಿಗೂ ಬಾರದ, ಅಲ್ಲಿಯವರ ಭಾಷೆ ಅಮ್ಮನಿಗೂ ಬಾರದ ಊರಿಗೆ ಕಳಿಸಬೇಕು. ಇಂಟರ್ನೆಟ್ಟಿನಲ್ಲಿ ತಡಕಾಡಿ, ಹಿಮಾಚಲದ ಕಾಂಗ್ರಾ ಕಣಿವೆಯ ಮೇಲಿನ ಒಂದು ಟಿಬೆಟನ್ ಕಾಲೊನಿಯಲ್ಲಿ ಹೋಂಸ್ಟೇ ಗೊತ್ತುಮಾಡಿದಳು. ಪರಮ ಶಾಂತಿ, ಬೆಟ್ಟ, ಬೌದ್ಧ ಮಠ ಎಂದು ಅದರಲ್ಲಿ ಬರೆದಿತ್ತಂತೆ.

“ಅಷ್ಟು ದೂರ ಎಂತಕ್ಕೆ? ಮಾತಾಡದೆ ಇರ್ಲಿಕ್ಕೆ ಇಲ್ಲಿಯೇ ಆಗುದಿಲ್ವಾ?” ಎಂದ ಕಮಲಾಕ್ಷ. ಅಷ್ಟರಲ್ಲಿ ಫೋನು ರಿಂಗಾಯಿತು, ಕುಸುಮಾವತಿ ಎದ್ದು ಓಡಿದರು. ಅವನು ಮತ್ತೆ ಕೇಳಲಿಲ್ಲ.

ಅಕ್ಟೋಬರಿನಲ್ಲಿ ಕುಸುಮಾವತಿ ಒಬ್ಬರೇ ಹೊರಟರು. ಡೆಲ್ಲಿಯವರೆಗೆ ವಿಮಾನ, ಅಲ್ಲಿಂದ ಬಸ್ಸು. ಮೊಬೈಲಿನ ಹಳೆಯ ಸಿಮ್ ಅನ್ನು ಇಂಚರಾ ಕಿತ್ತಿಟ್ಟುಕೊಂಡು ಹೊಸದೊಂದು ಹಾಕಿಕೊಟ್ಟಿದ್ದಳು. ಡಾಕ್ಟರ ಆದೇಶದಂತೆ ಮಾತಾಡುವಂತಿಲ್ಲ ಎಂದು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಬರೆದ ಚೀಟಿಯನ್ನು ಕುತ್ತಿಗೆಯ ಪೌಚಿನಲ್ಲಿ ಹಾಕಿ ಕಳಿಸಿದ್ದಳು.

ಹೋಂಸ್ಟೇ ನಡೆಸುತ್ತಿದ್ದವಳು ಯಾಂಗ್‌ಜೋಮ್, ಐವತ್ತು ದಾಟಿದ ಗಟ್ಟಿ ಹೆಂಗಸು. ಚೀಟಿ ಓದಿ ತಲೆಯಾಡಿಸಿ, ಏನೂ ಕೇಳದೆ ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟಳು. ಕುಸುಮಾವತಿ ಒಂದು ಗುಟುಕು ಕುಡಿದರು. ಬೇಡ ಎನ್ನಲು ಬಾಯಿಲ್ಲದ್ದರಿಂದ ಲೋಟ ಖಾಲಿ ಮಾಡಿದರು. ಖಾಲಿಯಾದದ್ದನ್ನು ನೋಡಿ ಅವಳು ಮತ್ತೆ ತುಂಬಿಸಿದಳು.

ಅದೊಂದು ಬಿಟ್ಟರೆ ಮೊದಲ ದಿನಗಳು ನಿಜಕ್ಕೂ ಸುಖವಾಗಿದ್ದವು. ತಾರಸಿಯ ಮೇಲೆ ಬಿಸಿಲು, ಎದುರಿಗೆ ಹಿಮ ಹೊದ್ದ ಶಿಖರ, ಕೆಳಗೆ ಮಠದ ಅಂಗಳದಲ್ಲಿ ಕೆಂಪು ನಿಲುವಂಗಿ ಎತ್ತಿ ಕಟ್ಟಿಕೊಂಡು ಕ್ರಿಕೆಟ್ ಆಡುವ ಸನ್ಯಾಸಿಗಳು. ಕುಸುಮಾವತಿ ಕುರ್ಚಿಯಲ್ಲಿ ಕೂತು ಏನೂ ಮಾಡುತ್ತಿರಲಿಲ್ಲ. ಯಾರ ರಕ್ತಪರೀಕ್ಷೆಯ ಫಲಿತಾಂಶವನ್ನೂ ಯಾರಿಗೂ ತಿಳಿಸಬೇಕಿರಲಿಲ್ಲ.

ಅದೇ ಮನೆಯಲ್ಲಿ ಪುಣೆಯ ಒಬ್ಬ ಮಹಿಳೆ ಉಳಿದುಕೊಂಡಿದ್ದಳು, ಧ್ಯಾನ ಕಲಿಯಲು ಬಂದವಳು. ಕುಸುಮಾವತಿ ಮಾತಾಡದೆ ಬೆಟ್ಟ ನೋಡುತ್ತ ಕೂರುವುದನ್ನು ಗಮನಿಸಿ, ಇವರು ಮೌನವ್ರತ ಹಿಡಿದ ಸಾಧಕಿ ಎಂದು ತೀರ್ಮಾನಿಸಿಬಿಟ್ಟಳು. ಚೀಟಿ ತೋರಿಸುವಷ್ಟರಲ್ಲಿ ಕೈಮುಗಿದು, ಪಕ್ಕದಲ್ಲಿ ಕೂತು, ತನ್ನ ಮುರಿದ ಮದುವೆಯ ಕಥೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ ಅತ್ತಳು. ಅತ್ತವಳನ್ನು ನಡುವೆ ತಡೆದು ನನ್ನದು ಗಂಟಲಿನ ಗಂಟು ಎಂದು ತೋರಿಸುವುದು ಹೇಗೆ? ಕುಸುಮಾವತಿ ಅವಳ ಬೆನ್ನು ಸವರಿದರು. ಮರುದಿನ ಅವಳು ಇನ್ನೊಬ್ಬಳನ್ನು ಕರೆತಂದಳು. ಆಮೇಲೆ ಪಕ್ಕದ ಲಾಡ್ಜಿನವರೂ ಬರತೊಡಗಿದರು. ಉಳ್ಳೂರಿನಲ್ಲಿ ಜನ ಬರುತ್ತಿದ್ದದ್ದು ಇವರು ಮಾತಾಡುತ್ತಾರೆಂದು, ಇಲ್ಲಿ ಬಂದದ್ದು ಇವರು ಮಾತಾಡುವುದಿಲ್ಲವೆಂದು.

ಆ ಕೀರ್ತಿ ಮಣ್ಣುಪಾಲಾದದ್ದು ಕೋತಿಗಳಿಂದ. ಯಾಂಗ್‌ಜೋಮಳ ಮನೆಯಲ್ಲಿ ಅವಳ ತಾಯಿ ಚೋಡೆನ್ ಇದ್ದಳು, ಎಂಬತ್ತು ದಾಟಿದ ಮುದುಕಿ. ಹಗಲೆಲ್ಲ ಅಂಗಳದ ಮೂಲೆಯಲ್ಲಿ ಮಣಿ ಎಣಿಸುತ್ತ, ಒಣಹಾಕಿದ ಮುಸುಕಿನ ಜೋಳ ಕಾಯುತ್ತಿದ್ದಳು. ಕುಸುಮಾವತಿ ಅವಳನ್ನು ನೋಡಿ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅಷ್ಟೇ ಪರಿಚಯ. ಒಂದು ಬೆಳಿಗ್ಗೆ ತಾರಸಿಯಲ್ಲಿ ಪುಣೆಯವಳು ಕಣ್ಣುಮುಚ್ಚಿ ಕೂತಿದ್ದಾಗ ಕೆಳಗೆ ಗಲಾಟೆಯಾಯಿತು. ಕೋತಿಯೊಂದು ತೆನೆ ಎತ್ತಿಕೊಂಡು ಮರ ಹತ್ತಿತ್ತು. ಮುದುಕಿ ಕೋಲೆತ್ತಿ ನಿಂತಿದ್ದಳು.

“ತೂ, ನಿನ್ ಮನೆ ಎಕ್ಕುಟ್ಟೋಗ. ನಿಮ್ಮಪ್ಪ ಬಿತ್ತಿದ್ನೇನ್ಲಾ ಇಲ್ಲಿ?”

ಕುಸುಮಾವತಿಗೆ ತಾನು ಎಲ್ಲಿದ್ದೇನೆಂಬುದೇ ಒಂದು ಕ್ಷಣ ಮರೆತುಹೋಯಿತು. ಅವರು ಹುಟ್ಟಿದ ಪಿರಿಯಾಪಟ್ಟಣದ ಸಂತೆಯಲ್ಲಿ ಕೇಳುತ್ತಿದ್ದ ಈ ಬೈಗುಳ ಅವರ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ನಗು ತಡೆಯಲಾಗದೆ ಒಡಕು ದನಿಯಲ್ಲಿ ಬಂದೇಬಿಟ್ಟಿತು. ಮೆಟ್ಟಿಲಿಳಿದು ಓಡಿ, “ಯಾವೂರವ್ವಾ ನಿಮ್ದು?” ಎಂದು ಕೇಳಿಯೇಬಿಟ್ಟರು.

ಮುದುಕಿ ಕೋಲು ಕೆಳಗಿಟ್ಟಳು. “ಬೈಲಕುಪ್ಪೆ. ನಿಂದು?”

“ಪಿರಿಯಾಪಟ್ಣ.”

“ಅಂಗಾರೆ ನಮ್ಮೂರೋಳೆ ಕಣವ್ವ ನೀನು. ಇಷ್ಟ್ ದಿನ ಮೂಗಿ ಅಂದ್ಕಂಡು ಪಾಪ ಅಂತಿದ್ದೆ.”

ಬೈಲಕುಪ್ಪೆ ಪಿರಿಯಾಪಟ್ಟಣಕ್ಕೆ ಪಕ್ಕದ ಹಾದಿ. ಚೋಡೆನ್ ಟಿಬೆಟ್ ಬಿಟ್ಟು ಬಂದಾಗ ಹದಿಹರೆಯದವಳಂತೆ. ಬೈಲಕುಪ್ಪೆಯಲ್ಲಿ ಕಾಡು ಕಡಿದು ಟಿಬೆಟನ್ನರ ಕ್ಯಾಂಪು ಕಟ್ಟುವಾಗ ಸುತ್ತಲ ಹಳ್ಳಿಯ ಕೂಲಿ ಹೆಂಗಸರ ಜೊತೆ ಕಲ್ಲು ಹೊತ್ತು ಕನ್ನಡ ಕಲಿತಳು. ಚೋಡೆನ್ ಎಂಬುದು ಅವರ ನಾಲಿಗೆಗೆ ಹೊಂದದೆ ಚೌಡಮ್ಮ ಎಂದು ಕರೆದರು. ಬದುಕೆಲ್ಲ ಅಲ್ಲೇ ಜೋಳ ಬೆಳೆದು, ಗಂಡ ತೀರಿಕೊಂಡ ಮೇಲೆ ಈ ಬೆಟ್ಟಕ್ಕೆ ಮಗಳ ಮನೆಗೆ ಬಂದಿದ್ದಳು. ಇಲ್ಲಿಯ ಹಿಂದಿ ಅವಳಿಗೆ ಹತ್ತಲಿಲ್ಲ. ಮಣಿ ಎಣಿಸುತ್ತ ಕೋತಿಯನ್ನು ಹೀಗೆ ಬೈಯಬಹುದೇ ಎಂದು ಕುಸುಮಾವತಿ ಕೇಳಿದಾಗ ಚೌಡಮ್ಮ ಗಂಭೀರವಾಗಿಯೇ ಉತ್ತರ ಕೊಟ್ಟಳು.

“ನಮ್ ಭಾಷೇಲಿ ಬೈದ್ರೆ ಪಾಪ ಬತ್ತದೆ. ಕನ್ನಡದಲ್ಲಿ ಏನೂ ಆಗಾಕಿಲ್ಲ.”

ಯಾಂಗ್‌ಜೋಮಳೂ ಬೈಲಕುಪ್ಪೆಯಲ್ಲೇ ಹುಟ್ಟಿ, ಅಲ್ಲಿಯ ಬಿಸಿಲಲ್ಲೇ ಬೆಳೆದು, ಮದುವೆಯಾಗಿ ಇಲ್ಲಿಗೆ ಬಂದವಳು. ಅಂದಿನಿಂದ ಅಡುಗೆಮನೆಯಲ್ಲಿ ಕನ್ನಡದ ದರಬಾರು ಶುರುವಾಯಿತು. ಬರುವ ಅತಿಥಿಗಳೆಲ್ಲ, ನಿಮ್ಮ ದೇಶ ನೆನಪಾಗುವುದಿಲ್ಲವೇ ಎಂದು ಕಣ್ಣು ತುಂಬಿಕೊಂಡು ಕೇಳುತ್ತಾರೆ ಎಂದು ಅವಳು ಹೇಳಿದಳು. ಅವಳು ಟಿಬೆಟ್ಟನ್ನು ಕಂಡವಳೇ ಅಲ್ಲ. ಬೇಸರವಾದಾಗ ಅವಳಿಗೆ ನೆನಪಾಗುವುದು ಕುಶಾಲನಗರಕ್ಕೆ ಹೋಗುವ ಕೆಂಪು ಬಸ್ಸು, ಸುಟ್ಟ ಜೋಳದ ವಾಸನೆ. ಆದರೂ ಹೌದು, ತುಂಬ ನೆನಪಾಗುತ್ತದೆ ಎಂದೇ ಉತ್ತರಿಸುತ್ತಾಳೆ. ಪಾಪ, ಅಷ್ಟು ದೂರದಿಂದ ಬಂದಿರುತ್ತಾರೆ.

ಕುಸುಮಾವತಿ ಪಿಸುದನಿಯಲ್ಲಿ ತಮ್ಮ ಕಥೆ ಹೇಳಿದರು. ಪಿರಿಯಾಪಟ್ಟಣದಲ್ಲಿ ಈಗ ತಮ್ಮವರೆನ್ನುವವರು ಯಾರೂ ಉಳಿದಿಲ್ಲ. ತಾಯಿ ಹೋದ ಮೇಲೆ ಆ ಕಡೆ ಕಾಲಿಟ್ಟೇ ಇಲ್ಲ. ಶಾಲೆಗೆ ಹೋಗುವಾಗ ಬೈಲಕುಪ್ಪೆಯ ಮಂದಿ ಸಂತೆಗೆ ಬರುವುದನ್ನು ನೋಡಿ, ಊರು ಬಿಟ್ಟು ಬಂದವರು ಎಂದು ಅಯ್ಯೋ ಅನ್ನುತ್ತಿದ್ದರಂತೆ. ಇದನ್ನು ಕೇಳಿ ತಾಯಿ ಮಗಳಿಬ್ಬರೂ ನಕ್ಕರು.

ಪುಣೆಯವಳಿಗೆ ಇದು ದೊಡ್ಡ ಆಘಾತವಾಯಿತು. ತನ್ನ ಮೌನಿ ಅಡುಗೆಮನೆಯಲ್ಲಿ ಮುದುಕಿಯ ಜೊತೆ ಹರಟುತ್ತ ಜೋಳ ಸುಲಿಯುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ಅಂದೇ ಸಾಮಾನು ಕಟ್ಟಿಕೊಂಡು ಬೇರೆ ಲಾಡ್ಜಿಗೆ ಹೋದಳು. ಹೋಗುವಾಗ ಕೈಮುಗಿಯಲಿಲ್ಲ.

ಚಳಿಗಾಲದ ವ್ಯಾಪಾರಕ್ಕೆ ಸ್ವೆಟರು ತರಲು ಯಾಂಗ್‌ಜೋಮ್ ಮತ್ತು ಗಂಡ ಲುಧಿಯಾನಕ್ಕೆ ಹೋಗುವವರಿದ್ದರು. ಅಮ್ಮನ ಜೊತೆ ನೀವಿದ್ದೀರಲ್ಲ ಅಕ್ಕಾ ಎಂದು ಧೈರ್ಯವಾಗಿ ಹೋದರು. ಮರುದಿನ ಬೆಳಿಗ್ಗೆ ಚೌಡಮ್ಮ ಜೋಳದ ರಾಶಿಯ ಪಕ್ಕದಲ್ಲಿ ಎದೆ ಒತ್ತಿ ಹಿಡಿದು ಕೂತಿದ್ದಳು. ಉಸಿರು ಸಿಳ್ಳೆ ಹಾಕುತ್ತಿತ್ತು. ಕುಸುಮಾವತಿ ಪಕ್ಕದ ಮನೆಯ ಟ್ಯಾಕ್ಸಿಯವನನ್ನು ಕೈಸನ್ನೆಯಲ್ಲೇ ಎಬ್ಬಿಸಿ, ಮುದುಕಿಯನ್ನು ಕೆಳಗಿನ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಯಾಂಗ್‌ಜೋಮಳಿಗೆ ಫೋನು ಮಾಡಿದರೆ ಸಿಗ್ನಲ್ಲಿಲ್ಲ.

ಆಸ್ಪತ್ರೆಯ ಡಾಕ್ಟರು ಪಹಾಡಿ ಹುಡುಗ. ಹಿಂದಿ, ಇಂಗ್ಲಿಷು ಎರಡೂ ಬರುತ್ತಿತ್ತು. ಮುದುಕಿಗೆ ಬರುವುದು ಟಿಬೆಟನ್ನು ಮತ್ತು ಕನ್ನಡ. ಹೀಗಾಗಿ ಕುಸುಮಾವತಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ ಮಾಡಿ, ಮತ್ತೆ ಅದೇ ಕಬ್ಬಿಣದ ಮಂಚದ ಪಕ್ಕದಲ್ಲಿ, ಅದೇ ಜಾಗದಲ್ಲಿ ನಿಂತರು. ‘ಎಂಡೆ ದೈವಮೇ’ ಎಂಬ ಮಲಯಾಳದ ಉದ್ಗಾರ ಬಾಯಿಂದ ತಾನಾಗಿ ಜಾರಿತು. ಗ್ಲುಕೋಸ್ ಬಾಟಲಿ ಸಿಕ್ಕಿಸುತ್ತಿದ್ದ ನರ್ಸು ಗಕ್ಕನೆ ತಿರುಗಿದಳು. ಅವಳು ಮಲಪ್ಪುರಂನ ಜುಬೈದಾ. ಚೇಚಿ ನಾಟ್ಟಿಲ್ ಎವಿಡೆಯಾ ಎಂದು ಊರು ಕೇಳಿದಳು. ತಿರುವನಂತಪುರಂ ಎಂಬ ಉತ್ತರ ಕುಸುಮಾವತಿಯ ಬಾಯಿಂದ ತಡವಿಲ್ಲದೆ ಬಂತು. ಪಿರಿಯಾಪಟ್ಟಣದವಳೆಂದು ಅಡುಗೆಮನೆಯಲ್ಲಿ ಹೇಳಿಕೊಂಡು ಇನ್ನೂ ವಾರವಾಗಿರಲಿಲ್ಲ.

ನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ಕುಸುಮಾವತಿ ಅದನ್ನು ಕನ್ನಡದಲ್ಲಿ ಕೇಳಿದರು. ದನಿ ಅರ್ಧಕ್ಕೇ ಹರಿದುಹೋಯಿತು.

ಚೌಡಮ್ಮ ಏದುಸಿರು ಬಿಡುತ್ತಲೇ ಹೇಳಿದಳು. “ನಂದಿರ್ಲಿ. ಮೊದ್ಲು ನಿನ್ ಗಂಟ್ಲು ನೋಡಕ್ಕೆ ಹೇಳು.”

ಏನಂದರು ಎಂದು ಡಾಕ್ಟರು ಕೇಳಿದರು. ನಿನ್ನೆಯಿಂದ ನೋವಂತೆ ಎಂದುಬಿಟ್ಟರು ಕುಸುಮಾವತಿ. ಕಹಿಯನ್ನು ಮೆತ್ತಗೆ ಮಾಡಿ ಹೇಳಿದ್ದುಂಟು. ಆದರೆ ಆಡಿದ ಮಾತನ್ನೇ ನುಂಗಿ ಬೇರೆ ಹೇಳಿದ್ದು ಅದೇ ಮೊದಲು. ಚೌಡಮ್ಮನಿಗೆ ಇಂಗ್ಲಿಷು ಬಾರದಿದ್ದರೂ ಮೋಸ ತಿಳಿಯಿತು. ತಾನು ಹೇಳಿದ್ದಕ್ಕೆ ಡಾಕ್ಟರು ಇವರ ಕಡೆ ತಿರುಗಬೇಕಿತ್ತು, ತಿರುಗಲಿಲ್ಲ. ಸೂಜಿ ಚುಚ್ಚಿದ ಕೈಯಿಂದಲೇ ಡಾಕ್ಟರ ತೋಳು ಹಿಡಿದೆಳೆದು, ಕುಸುಮಾವತಿಯ ಗಂಟಲಿನ ಕಡೆ ಬೆರಳು ಮಾಡಿದಳು. ನೋಡುವವರೆಗೂ ಬಿಡಲಿಲ್ಲ.

ಜುಬೈದಾ ಒಂದು ಸ್ಟೂಲು ತಂದು ಹಾಕಿ ಕುಸುಮಾವತಿಯನ್ನು ಕೂರಿಸಿದಳು. ದನಿಗೇನಾಯಿತು ಚೇಚಿ ಎಂದು ಮಲಯಾಳದಲ್ಲಿ ಕೇಳಿದಳು. ಕುಸುಮಾವತಿಯ ಕಣ್ಣಿಂದ ನೀರು ಹೊರಟಿತು. ಉಳ್ಳೂರಿನ ಅಷ್ಟು ವರ್ಷಗಳಲ್ಲಿ ಹಾಸಿಗೆಯ ಮೇಲೆ ಮಲಗಿದ್ದವರು ಯಾರೂ ಇವರ ಕಡೆ ಬೆರಳು ತೋರಿಸಿರಲಿಲ್ಲ. ಅವರಿಗಾದರೂ ತಮ್ಮದೇ ಸಾಕಷ್ಟಿತ್ತು. ಅದು ಕುಸುಮಾವತಿಗೂ ಗೊತ್ತು. ಗೊತ್ತಿದ್ದರೂ ಅಳು ನಿಲ್ಲಲಿಲ್ಲ. ಡಾಕ್ಟರು ಎದೆ ನೋವಿನ ರೋಗಿಯನ್ನು ಬಿಟ್ಟು ಅವಳ ದುಭಾಷಿಯ ಬಾಯಿಗೆ ಟಾರ್ಚು ಬಿಟ್ಟು ನೋಡಿದರು. ಅಲ್ಲಿ ಏನೂ ಕಾಣಿಸಲಿಲ್ಲ. ಆದರೂ ಚೌಡಮ್ಮನಿಗೆ ಸಮಾಧಾನವಾಯಿತು. ಆಮೇಲೆ ತನ್ನ ನೋವು ಹೇಳಿದಳು. ಅದು ನಿನ್ನೆಯದಲ್ಲ, ದಸರೆಗೂ ಹಿಂದಿನದು. ಮಗಳು ಗಾಬರಿಯಾಗುತ್ತಾಳೆಂದು ಮುಚ್ಚಿಟ್ಟಿದ್ದಳು.

ಎದೆಯಲ್ಲಿ ಸೋಂಕು, ಹೃದಯಕ್ಕೆ ಅಪಾಯವಿಲ್ಲ ಎಂದಾಯಿತು. ಯಾಂಗ್‌ಜೋಮ್ ಸ್ವೆಟರಿನ ಮೂಟೆಗಳ ಜೊತೆ ನೇರ ಆಸ್ಪತ್ರೆಗೇ ಬಂದಳು. ಬಾಗಿಲಲ್ಲಿ ನಿಂತು ನೋಡಿದರೆ ತಾಯಿ ನಿದ್ದೆಯಲ್ಲಿದ್ದಳು. ಮಾತಾಡಬಾರದ ಅತಿಥಿ ಪಕ್ಕದ ಖಾಲಿ ಮಂಚದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ರಜೆಯಲ್ಲೆಲ್ಲ ಅಷ್ಟು ಗಾಢವಾದ ನಿದ್ದೆ ಬಂದದ್ದು ಅದೇ ಎಂದು ಕುಸುಮಾವತಿ ಆಮೇಲೆ ಹೇಳಿಕೊಳ್ಳುತ್ತಿದ್ದರು.

ಕೊಚ್ಚಿಗೆ ಮರಳಿದ ಮೇಲೆ ಡಾಕ್ಟರು ಮತ್ತೆ ಕೊಳವೆ ಇಳಿಸಿದರು. ಗಂಟುಗಳು ಇಳಿಯುತ್ತಿವೆ, ಹೇಳಿದಂತೆ ಕೇಳುವ ಇಂಥ ರೋಗಿಗಳು ಅಪರೂಪ ಎಂದು ಮೆಚ್ಚಿ, ಹೊರಗೆ ಕೂತಿದ್ದವರಿಗೂ ಇವರನ್ನು ಉದಾಹರಣೆಯಾಗಿ ತೋರಿಸಿದರು. ಕುಸುಮಾವತಿ ಏನೂ ಹೇಳಲಿಲ್ಲ. ಪ್ರವಾಸದಲ್ಲಿ ಅವರು ನಿಜವಾಗಿ ಕಲಿತುಕೊಂಡ ಮೌನ ಅದೊಂದೇ ಎಂದು ಕಮಲಾಕ್ಷನ ಅಭಿಪ್ರಾಯ.

ಹಳೆಯ ಸಿಮ್ ಇಂಚರಾಳ ಬಳಿಯೇ ಉಳಿಯಿತು. ಒಳ್ಳೆಯ ಮಗಳಾಗಿ ಫೋನು ಬಂದಾಗಲೆಲ್ಲ ತೆಗೆದು, ಅಮ್ಮನಿಗೆ ಹುಷಾರಿಲ್ಲ ಎಂದು ಹೇಳಿ ಇಟ್ಟುಬಿಡುವ ಯೋಚನೆ ಅವಳದು. ಆದರೆ ಆ ಕಡೆಯವರು ಇಡಲು ಬಿಡಬೇಕಲ್ಲ. ಅವಳು ಮಲಯಾಳದಲ್ಲಿ ಹೇಳಿದ್ದು ಅವರಿಗೆ ತಿಳಿಯದು. ಅಷ್ಟರಲ್ಲಿ ಅವಳ ಫೋನಿಗೇ ಚೌಡಮ್ಮನ ವಿಡಿಯೋ ಕಾಲ್ ಬೇರೆ ಶುರುವಾಗಿತ್ತು. ಕುಸುಮಾವತಿ ಕಚೇರಿಯಿಂದ ಬರುವವರೆಗೆ ಮುದುಕಿ ಇಂಚರಾಳನ್ನೇ ಹಿಡಿದು ಕೂರಿಸುತ್ತಿದ್ದಳು. ಉಂಡ್ಯಾ, ಏನು ಉಂಡೆ, ಯಾಕೆ ಇಷ್ಟು ಸೊರಗಿದ್ದೀ ಎಂದು ಕೇಳುತ್ತಿದ್ದಳು. ಮಲಯಾಳದ ಉತ್ತರಕ್ಕೆ, “ಅದೇನ್ ಗೊಣಗ್ತೀಯಾ, ಬಾಯ್ಬಿಟ್ಟು ಮಾತಾಡು” ಎಂದು ಗದರುತ್ತಿದ್ದಳು. ತಾಯಿ ಇಪ್ಪತ್ತು ವರ್ಷ ಗೋಗರೆದರೂ ಬಾರದ ಕನ್ನಡ ಮಗಳ ಬಾಯಲ್ಲಿ ಹೀಗೆ ಬಂತು. ಸ್ವಲ್ಪ ದಿನಕ್ಕೆ ಸುಳ್ಯದ ರೋಗಿಯೊಬ್ಬರು ಯಶವಂತರ ಬಳಿ, ಮೇಡಂ ಮಗಳು ಫೋನಿನಲ್ಲಿ ತುಂಬ ಚೆನ್ನಾಗಿ ತಿಳಿಸಿ ಹೇಳಿದರು, ಆದರೆ ಆ ಹುಡುಗಿ ಯಾವ ಕಡೆಯವಳೆಂದೇ ಗೊತ್ತಾಗಲಿಲ್ಲ ಎಂದರಂತೆ. ಮುಂದಿನ ಸನ್ಮಾನ ಅವಳಿಗೇ ಎಂದು ಯಶವಂತ್ ಹೊರಟಿದ್ದರು. ಕುಸುಮಾವತಿ ತಡೆದರು.

ಜನವರಿಯಲ್ಲಿ ಬೆಟ್ಟದ ಚಳಿ ತಾಳದೆ ಚೌಡಮ್ಮನನ್ನು ಬೈಲಕುಪ್ಪೆಗೆ ಕರೆತಂದರು. ಅಲ್ಲಿಂದ ಯಾಂಗ್‌ಜೋಮ್ ಅವಳನ್ನು ಕೆಲವು ದಿನಕ್ಕೆ ಕೊಚ್ಚಿಗೂ ಕರೆದುಕೊಂಡು ಬಂದಳು. ಸಮುದ್ರ ನೋಡಬೇಕೆಂಬುದು ಮುದುಕಿಯ ಆಸೆ. ಮಟ್ಟಾಂಚೇರಿಯ ಸೆಕೆಗೆ ಕಮಲಾಕ್ಷ ಫ್ಯಾನಿನ ಕೆಳಗಿಂದ ಏಳುತ್ತಿರಲಿಲ್ಲ. ಚೌಡಮ್ಮ ಜಗುಲಿಯ ಬಿಸಿಲಲ್ಲಿ ಮೈಚೆಲ್ಲಿ, ಇಂಥ ಸುಖ ಕಂಡೇ ಇರಲಿಲ್ಲ ಎಂದು ಮಧ್ಯಾಹ್ನವೆಲ್ಲ ನಿದ್ದೆ ಹೊಡೆದಳು.

ಒಂದು ಸಂಜೆ ಎಲ್ಲರೂ ಫೋರ್ಟ್ ಕೊಚ್ಚಿಗೆ ಹೋದರು. ಕುಸುಮಾವತಿ ಚೌಡಮ್ಮನನ್ನು ನೀರಿನ ಹತ್ತಿರದ ಕಲ್ಲಿನ ಮೇಲೆ ಕೂರಿಸಿ, ಇಂಚರಾ ತಂದ ಪಳಂಪೊರಿಯನ್ನು ಕೈಗೆ ಕೊಟ್ಟರು. ಪ್ರವಾಸಿಗಳು ದೂರದಿಂದ ಅವಳ ಫೋಟೋ ತೆಗೆಯುತ್ತಿದ್ದರು. ಚೌಡಮ್ಮ ಬಿಸಿ ಬಾಳೆಹಣ್ಣಿನ ಬಜ್ಜಿಯನ್ನು ಊದಿ ಊದಿ ತಿನ್ನುತ್ತ ಬಹಳ ಹೊತ್ತು ನೀರನ್ನೇ ನೋಡಿದಳು.

“ಆ ಕಡೆ ಯಾವೂರು?”

ಅರಬರ ದೇಶ, ಇಲ್ಲಿಯವರು ಬೇಕಾದಷ್ಟು ಜನ ಅಲ್ಲಿದ್ದಾರೆ ಎಂದರು ಕುಸುಮಾವತಿ.

“ಕನ್ನಡದೋರು ಅವ್ರಾ?”

“ಅವ್ರೆ.”

ಚೌಡಮ್ಮ ತಲೆಯಾಡಿಸಿ, ಎಣ್ಣೆ ಬೆರಳನ್ನು ಸೆರಗಿಗೆ ಒರೆಸಲು ನೋಡಿದಳು. ಅವಳ ಟಿಬೆಟನ್ ಉಡುಪಿಗೆ ಸೆರಗಿರಲಿಲ್ಲ. ಕುಸುಮಾವತಿ ತಮ್ಮ ಸೆರಗು ಚಾಚಿದರು.